ಬೀಜದ ವಾರ: ಅಂಗನವಾಡಿ ಮಕ್ಕಳೊಂದಿಗೆ ಆಟ, ನಿಸರ್ಗ ಮತ್ತು ಕಲೆಯ ಮೂಲಕ ಕಲಿಕೆ

ಪೀಠಿಕೆ

3ರಿಂದ 6 ವರ್ಷದ ಮಕ್ಕಳಿಗೆ ಪಠ್ಯಪುಸ್ತಕ ಬೇಕಿಲ್ಲ, ಆದರೆ ಅವರ ಶಿಕ್ಷಕಿಗೆ ಯೋಜನೆ ಬೇಕೇ ಬೇಕು. ಆ ಯೋಜನೆಗೆ ಹೊಂದುವ ಅಳತೆ ಒಂದು ವಾರ. ಒಂದು ದಿನದಲ್ಲಿ ಮಗುವಿಗೆ ವಸ್ತುವಿನ ಪರಿಚಯವಷ್ಟೇ ಆಗುತ್ತದೆ. ತಿಂಗಳುಗಟ್ಟಲೆ ಎಳೆದರೆ ಕುತೂಹಲ ಆರಿಹೋಗುತ್ತದೆ. ಒಂದು ವಾರದಲ್ಲಿ ಮಗು ಒಂದೇ ವಸ್ತುವನ್ನು ಮುಟ್ಟಿ, ಆಡಿ, ಬಿಡಿಸಿ, ಅದರ ಬಗ್ಗೆ ಮಾತಾಡಿ, ಅದು ಬದಲಾಗುವುದನ್ನೂ ನೋಡಬಹುದು.

ಇಂಟರ್ನ್‌ಶಿಪ್‌ಗಾಗಿ ನನ್ನನ್ನು ನಿಯೋಜಿಸಿದ್ದ ಪ್ರೌಢಶಾಲೆಯ ಆವರಣದ ಪಕ್ಕದಲ್ಲೇ ಒಂದು ಅಂಗನವಾಡಿ ಕೇಂದ್ರವಿದೆ. ಮಾರ್ಗದರ್ಶಕರ ಒಪ್ಪಿಗೆ ಪಡೆದು ಡಿಸೆಂಬರ್ ತಿಂಗಳ ಒಂದು ವಾರ, ದಿನಕ್ಕೆ ಒಂದೂವರೆ ಗಂಟೆ, ಅಲ್ಲಿನ ಕಾರ್ಯಕರ್ತೆಯವರ ಜೊತೆ ಸೇರಿ ಈ ಯೋಜನೆಯನ್ನು ನಡೆಸಿದೆ. ಹಾಜರಿದ್ದ ಮಕ್ಕಳು 17. ಆಯ್ದ ವಿಷಯ ‘ಬೀಜ’. ವಿಜ್ಞಾನದ ಪ್ರಶಿಕ್ಷಣಾರ್ಥಿಯಾಗಿ ನಾನು ಪ್ರೌಢಶಾಲೆಯಲ್ಲಿ ಕಲಿಸುವ ಗಮನಿಸು, ಊಹಿಸು, ಪರೀಕ್ಷಿಸು ಎಂಬ ಕ್ರಮದ ಬೇರು ಈ ವಯಸ್ಸಿನಲ್ಲಿ ಹೇಗಿರುತ್ತದೆ ಎಂದು ತಿಳಿಯುವುದು ನನ್ನ ಮುಖ್ಯ ಉದ್ದೇಶವಾಗಿತ್ತು.

ಹಿನ್ನೆಲೆ

ಆಟವೇ ಮಗುವಿನ ಕೆಲಸ ಎಂಬ ವಿಚಾರ ಹೊಸದಲ್ಲ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್‌ನಲ್ಲಿ ಪುಟ್ಟ ಮಕ್ಕಳ ಶಾಲೆ ತೆರೆದು, ಅದಕ್ಕೆ ಮುಂದೆ ‘ಕಿಂಡರ್‌ಗಾರ್ಟನ್’ ಎಂಬ ಹೆಸರಿಟ್ಟರು. ಮಕ್ಕಳ ತೋಟ ಎಂಬುದು ಆ ಹೆಸರಿನ ಅರ್ಥ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ ಆರಂಭಿಸಿದರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಕಟ್ಟಿದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಯಲ್ಲಿ ಗ್ರಾಮೀಣ ಮಕ್ಕಳಿಗಾಗಿ ಕೇಂದ್ರ ತೆರೆದರು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಅಂಗನವಾಡಿ ಸರ್ಕಾರಿ ವ್ಯವಸ್ಥೆಯ ಭಾಗವಾಯಿತು.

ರಾಷ್ಟ್ರೀಯ ಶಿಕ್ಷಣ ನೀತಿ 2020 ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಗುರುತಿಸಿದೆ. ಈ ಹಂತಕ್ಕಾಗಿ 2022ರಲ್ಲಿ ಬಂದ ಪಠ್ಯಕ್ರಮ ಚೌಕಟ್ಟು ಲಿಖಿತ ಪರೀಕ್ಷೆಗಳು ಇಲ್ಲಿ ಸಲ್ಲವೆಂದೂ, ಅವಲೋಕನ ಮತ್ತು ಮಕ್ಕಳ ಕೃತಿಗಳೇ ಮೌಲ್ಯಮಾಪನದ ಆಧಾರವೆಂದೂ ಹೇಳುತ್ತದೆ. ನಮ್ಮ ರಾಜ್ಯದ ಅಂಗನವಾಡಿಗಳಲ್ಲಿ ಬಳಸುವ ‘ಚಿಲಿಪಿಲಿ’ಯೂ ವಿಷಯಾಧಾರಿತ ಚಟುವಟಿಕೆಗಳನ್ನೇ ಒಳಗೊಂಡಿದೆ.

ಸಿದ್ಧತೆ ಮತ್ತು ಸುರಕ್ಷತೆ

ಬೋಧನೋಪಕರಣಕ್ಕೆ ಹಣ ಖರ್ಚಾಗಲಿಲ್ಲ. ಅವರೆ, ಹೆಸರು, ಅಲಸಂದೆ, ಹುರಿಗಡಲೆ, ರಾಗಿ, ಹುಣಸೆ ಬೀಜ, ಹಳೆಯ ತಟ್ಟೆಗಳು, ಒದ್ದೆ ಬಟ್ಟೆ, ಜೇಡಿಮಣ್ಣು ಮತ್ತು ಮೈದಾ ಅಂಟು ಸಾಕಾದವು. ಆದರೆ ಬೀಜದ ವಿಷಯ ತೆಗೆದುಕೊಳ್ಳುವವರು ಎರಡು ಎಚ್ಚರ ವಹಿಸಲೇಬೇಕು.

ಒಂದು, ಪುಟ್ಟ ಮಕ್ಕಳು ಕಾಳನ್ನು ಮೂಗು, ಕಿವಿಗೆ ಹಾಕಿಕೊಳ್ಳುತ್ತಾರೆ. ತೇವಕ್ಕೆ ಅದು ಊದಿಕೊಂಡರೆ ತೆಗೆಯುವುದು ಕಷ್ಟ. ಉಸಿರುನಾಳಕ್ಕೆ ಹೋದರಂತೂ ಪ್ರಾಣಾಪಾಯ. ಆದ್ದರಿಂದ 3 ವರ್ಷದವರ ಗುಂಪಿನ ಜೊತೆ ಸಹಾಯಕಿಯವರು ಸದಾ ಕುಳಿತಿದ್ದರು. ಆಟ ಮುಗಿದ ಮೇಲೆ ಕಾಳುಗಳನ್ನು ಎಣಿಸಿ ಡಬ್ಬಿಗೆ ಹಾಕುವುದೂ ಚಟುವಟಿಕೆಯ ಭಾಗವಾಯಿತು. ಎರಡು, ನೋಡಲು ಚೆಂದವೆಂದು ಗುಲಗಂಜಿ, ಹರಳು ಬೀಜ, ದತ್ತೂರಿ ಬೀಜಗಳನ್ನು ತರಲೇಬಾರದು. ಮೂರೂ ವಿಷಕಾರಿ. ಎಕ್ಕದ ಹತ್ತಿಯನ್ನು ಒಣಗಿದ ಕಾಯಿಯಿಂದ ನಾನೇ ಮೊದಲು ಬಿಡಿಸಿ ತಂದೆ. ಅದರ ಹಾಲು ಕಣ್ಣಿಗೆ ಹಾನಿ ಮಾಡುವುದರಿಂದ ಮಕ್ಕಳನ್ನು ಗಿಡದ ಬಳಿಗೆ ಕರೆದೊಯ್ಯಲಿಲ್ಲ.

ವಾರದ ನಡೆ

ಸೋಮವಾರ: ಹುಡುಕಾಟ. ಆವರಣದ ಬೇಲಿಯ ಉದ್ದಕ್ಕೂ ಮಕ್ಕಳೊಂದಿಗೆ ಸುತ್ತಾಡಿ ಬಂದೆವು. ಉತ್ತರಾಣಿ ಬೀಜಗಳು ಲಂಗ, ಚಡ್ಡಿಗಳಿಗೆ ಅಂಟಿಕೊಂಡವು. ಅವನ್ನು ಒಬ್ಬರ ಬಟ್ಟೆಯಿಂದ ಒಬ್ಬರು ಕಿತ್ತದ್ದೇ ಬೀಜ ಪ್ರಸಾರದ ಮೊದಲ ಪಾಠ. ಒಳಗೆ ಬಂದ ಮೇಲೆ ಎಕ್ಕದ ಬೀಜವನ್ನು ಊದಿ, ಕೆಳಗೆ ಬೀಳದಂತೆ ತೇಲಿಸುವ ಆಟ ಆಡಿದೆವು.

ಮಂಗಳವಾರ: ಬೇರ್ಪಡಿಸುವುದು ಮತ್ತು ಊಹಿಸುವುದು. ಬಣ್ಣ, ಗಾತ್ರ, ನುಣುಪು ನೋಡಿ ಮಕ್ಕಳು ಬೀಜಗಳನ್ನು ಗುಂಪು ಮಾಡಿದರು. ನಂತರ ಹೆಸರುಕಾಳು, ಅವರೆಕಾಳು, ಹುರಿಗಡಲೆ ಮೂರನ್ನೂ ನೆನೆಹಾಕಿ, ಸಂಜೆ ಕಾರ್ಯಕರ್ತೆಯವರು ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರು. ‘ಯಾವುದು ಮೊಳಕೆ ಬರುತ್ತೆ?’ ಎಂದು ಕೇಳಿ, ಪ್ರತಿ ಮಗುವೂ ತನಗೆ ಅನಿಸಿದ ತಟ್ಟೆಯ ಮುಂದೆ ಒಂದು ಹುಣಸೆ ಬೀಜ ಇಡಲಿ ಎಂದೆ. ಹುರಿಗಡಲೆಯ ಮುಂದೆ ಅತಿ ಹೆಚ್ಚು ಬೀಜಗಳು ಬಿದ್ದವು. ‘ಅದು ಚೆನ್ನಾಗಿರುತ್ತೆ’ ಎಂಬುದು ಕಾರಣ. ಆ ಊಹೆಯನ್ನು ನಾನು ತಿದ್ದಲಿಲ್ಲ. ಉತ್ತರ ಹೇಳಬೇಕಾದದ್ದು ತಟ್ಟೆ.

ಬುಧವಾರ: ಅಭಿನಯ. ಮಕ್ಕಳು ಮಂಡಿ ಮಡಚಿ, ತಲೆ ತಗ್ಗಿಸಿ ಬೀಜಗಳಾದರು. ನೆಲಕ್ಕೆ ಬೆರಳು ತಟ್ಟುವ ಸದ್ದೇ ಮಳೆ. ಒಂದು ಕಾಲು ಬೇರಾಗಿ ಮೊದಲು ಚಾಚಿತು, ಆಮೇಲೆ ಕೈ ಚಿಗುರಾಗಿ ಮೇಲೆದ್ದಿತು. ಬೇರು ಮೊದಲು ಎಂಬ ಕ್ರಮವನ್ನು ಬಾಯಲ್ಲಿ ಹೇಳದೆ ಮೈಯಲ್ಲೇ ಆಡಿಸಿದ್ದು ಉದ್ದೇಶಪೂರ್ವಕ.

ಗುರುವಾರ: ಕೈಕೆಲಸ ಮತ್ತು ಕಲೆ. ಇದು ಅವರೆಯ ಕಾಲ, ಮನೆಮನೆಯಲ್ಲೂ ಹಿದುಕಿದ ಬೇಳೆ. ನೆನೆದ ಅವರೆಕಾಳನ್ನು ಎರಡು ಬೆರಳಲ್ಲಿ ಹಿದುಕಿದಾಗ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುವುದು ಮಕ್ಕಳಿಗೆ ದೊಡ್ಡ ಸಂಭ್ರಮ. ಎರಡು ಹೋಳಿನ ನಡುವೆ ಇರುವ ಪುಟ್ಟ ಭ್ರೂಣವನ್ನು ಹೊರಗೆ ಬೆಳಕಿನಲ್ಲಿ ತೋರಿಸಿದೆ. ‘ಒಳಗೆ ಮರಿ ಐತೆ’ ಎಂದ ಒಬ್ಬ. ನಂತರ ಜೇಡಿಮಣ್ಣಿನ ಬಿಲ್ಲೆಗೆ ಬೀಜ ಒತ್ತಿ ತಮಗೆ ತೋಚಿದ ಚಿತ್ರ ಮಾಡಿದರು. ಸಿದ್ಧ ಗೆರೆಚಿತ್ರ ಕೊಟ್ಟು ಬಣ್ಣ ತುಂಬಿಸಲಿಲ್ಲ.

ಶುಕ್ರವಾರ: ಫಲಿತಾಂಶ. ಹೆಸರುಕಾಳಿಗೆ ಉದ್ದ ಬಾಲ, ಅವರೆಗೆ ಗಿಡ್ಡ ಮೂತಿ ಬಂದಿತ್ತು. ಹುರಿಗಡಲೆ ಮೆತ್ತಗಾಗಿ ನಾರುತ್ತಿತ್ತು. ‘ಯಾಕೆ?’ ಎಂದಾಗ ಕೆಲಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬಳು, ‘ಅದನ್ನ ಬಿಸಿ ಮಾಡವ್ರೆ, ಸತ್ತೋಗೈತೆ’ ಎಂದಳು.

ಶನಿವಾರ: ಪ್ರದರ್ಶನ. ಮಣ್ಣಿನ ಬಿಲ್ಲೆಗಳನ್ನೂ ಮೊಳಕೆಯ ತಟ್ಟೆಗಳನ್ನೂ ಜೋಡಿಸಿಟ್ಟು ತಾಯಂದಿರನ್ನು ಕರೆದೆವು. ಸಹಾಯಕಿಯವರು ಬೇರೆಯಾಗಿ ಮೊಳಕೆ ಕಟ್ಟಿದ ಹೆಸರುಕಾಳನ್ನು ಬೇಯಿಸಿ ಉಸಲಿ ಮಾಡಿದ್ದರು.

ಅವಲೋಕನಗಳು

1. ಸಂಖ್ಯೆ: ಸಮಾನ ಸಂಖ್ಯೆಯ ಅವರೆಕಾಳುಗಳನ್ನು ಎರಡು ಸಾಲಾಗಿ ಜೋಡಿಸಿ, ಒಂದು ಸಾಲನ್ನು ಅಗಲಿಸಿದೆ. ‘ಈಗ ಯಾವುದರಲ್ಲಿ ಜಾಸ್ತಿ?’ ಎಂದಾಗ ಹತ್ತರವರೆಗೆ ಪಟಪಟನೆ ಎಣಿಸುವ ಮಕ್ಕಳೂ ಉದ್ದದ ಸಾಲನ್ನೇ ತೋರಿಸಿದರು. ಪಿಯಾಜೆ ವಿವರಿಸಿದ ಪೂರ್ವ ಕಾರ್ಯಾಚರಣಾ ಹಂತವನ್ನು ನಾವು ಓದಿದ್ದು ಪುಸ್ತಕದಲ್ಲಿ. ಇಲ್ಲಿ ಅದು ಕಣ್ಣೆದುರಿಗಿತ್ತು. ಸಂಖ್ಯೆಯ ಹೆಸರು ಬಾಯಿಗೆ ಬಂದ ಮಾತ್ರಕ್ಕೆ ಸಂಖ್ಯೆಯ ಅರಿವು ಬಂದಂತಲ್ಲ.

2. ಭಾಷೆ: ಉರ್ದು ಮಾತಾಡುವ ಮನೆಯ ಒಂದು ಮಗು ಮೊದಲೆರಡು ದಿನ ಬಾಯಿ ಬಿಡಲಿಲ್ಲ. ಬುಧವಾರ ಹುಣಸೆ ಬೀಜ ಹಿಡಿದು ‘ಇಮ್ಲಿ’ ಎಂದಿತು. ಕಾರ್ಯಕರ್ತೆಯವರು ‘ಹೌದು ಪುಟ್ಟ, ಇಮ್ಲಿ, ಹುಣಸೆ’ ಎಂದು ಎರಡೂ ಹೆಸರು ಹೇಳಿದರು. ಮರುದಿನ ಉಳಿದ ಮಕ್ಕಳೂ ಇಮ್ಲಿ ಎನ್ನತೊಡಗಿದರು, ಆ ಮಗು ಅವರಿಗೆ ಕಲಿಸುವ ಸ್ಥಾನಕ್ಕೆ ಬಂತು. ಮನೆಮಾತಿಗೆ ಜಾಗ ಕೊಟ್ಟರೆ ಕನ್ನಡಕ್ಕೂ ದಾರಿ ತೆರೆಯುತ್ತದೆ.

3. ಪರಿಕಲ್ಪನೆ: ಶುಕ್ರವಾರ ಮತ್ತೊಮ್ಮೆ ಬೀಜದ ಅಭಿನಯ ಮಾಡಿಸಿದಾಗ ಮಳೆ ಬಂದರೂ ಒಬ್ಬ ಹುಡುಗ ಏಳಲಿಲ್ಲ. ಯಾಕೆಂದು ಕೇಳಿದರೆ, ‘ನಾನು ಹುರಿಗಡಲೆ, ನಾನು ಏಳಲ್ಲ’ ಎಂದ. ತಟ್ಟೆಯಲ್ಲಿ ಕಂಡದ್ದನ್ನು ತನ್ನ ಆಟಕ್ಕೆ ತಾನೇ ತಂದ ಈ ಉತ್ತರಕ್ಕಿಂತ ಉತ್ತಮ ಮೌಲ್ಯಮಾಪನ ಪುರಾವೆ ನನಗೆ ಆ ವಾರ ಸಿಗಲಿಲ್ಲ.

ಪೋಷಕರ ಪ್ರಶ್ನೆ

ಶನಿವಾರ ಒಬ್ಬ ತಾಯಿ ನೇರವಾಗಿ ಕೇಳಿದರು: ‘ಮಿಸ್, ಆಟ ಮನೇಲೂ ಆಡ್ತಾನೆ. ಅ ಆ ಇ ಈ ಯಾವಾಗ ಬರೆಸ್ತೀರಾ? ಪಕ್ಕದ ಮನೆ ಮಗು ಎಲ್‌ಕೆಜೀಲಿ ಎಬಿಸಿಡಿ ಬರೀತಾನೆ.’ ಈ ಪ್ರಶ್ನೆಯನ್ನು ತಿಳಿವಳಿಕೆ ಇಲ್ಲದ ಮಾತೆಂದು ತಳ್ಳಿಹಾಕುವಂತಿಲ್ಲ. ಕೂಲಿ ಮಾಡಿ ಮಗುವನ್ನು ಓದಿಸುವ ತಾಯಿಗೆ ಬರೆದ ಹಾಳೆ ಕಣ್ಣಿಗೆ ಕಾಣುವ ಭರವಸೆ. ನಾವು ಆಟದ ಫಲವನ್ನು ಅಷ್ಟೇ ಸ್ಪಷ್ಟವಾಗಿ ಕಾಣಿಸದಿದ್ದರೆ ಮಗು ಅಂಗನವಾಡಿ ಬಿಡುತ್ತದೆ.

ಕಾರ್ಯಕರ್ತೆಯವರು ಅವರಿಗೆ ನಾಲ್ಕು ನೆನೆದ ಅವರೆಕಾಳು ಕೊಟ್ಟು, ‘ಅಕ್ಕ, ಹಿದುಕಿ ನೋಡಿ. ಪೆನ್ಸಿಲ್ ಹಿಡಿಯೋಕೂ ಇವೇ ಬೆರಳು ತಾನೇ?’ ಎಂದರು. ನಾನು ಸೇರಿಸಿದ್ದು ಶರೀರರಚನೆಯ ಒಂದು ಮಾತು: ಮಣಿಕಟ್ಟಿನಲ್ಲಿರುವ 8 ಮೂಳೆಗಳು ಈ ವಯಸ್ಸಿನಲ್ಲಿ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಬಹುಪಾಲು ಮೃದ್ವಸ್ಥಿಯಾಗಿಯೇ ಇರುತ್ತವೆ. ಹಿದುಕುವುದು, ನಾದುವುದು, ಅಂಟಿಸುವುದು ಬರವಣಿಗೆಗೆ ಕೈಯನ್ನು ಅಣಿಗೊಳಿಸುತ್ತವೆ. ಆ ತಾಯಿ ಪೂರ್ತಿ ಒಪ್ಪಿದರೆಂದು ಹೇಳಲಾರೆ. ಆದರೆ ಮಗನ ಮಣ್ಣಿನ ಬಿಲ್ಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದರು.

ಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

- ವಾರಕ್ಕೆ ಒಂದೇ ವಿಷಯ ಇರಲಿ. ಅದು ಆ ಋತುವಿನಲ್ಲಿ, ಆ ಊರಿನಲ್ಲಿ ಸಿಗುವ ವಸ್ತುವಾಗಿರಲಿ.
- ವಾರದೊಳಗೆ ಬದಲಾವಣೆ ಕಾಣುವ ಒಂದು ವಸ್ತುವನ್ನಾದರೂ ಸೇರಿಸಿ. ಬದಲಾಗದ ಒಂದನ್ನೂ ಜೊತೆಗಿಡಿ, ಪ್ರಶ್ನೆ ಹುಟ್ಟುವುದು ಅಲ್ಲಿಂದ.
- ಸೋಮವಾರದ ಅಥವಾ ಬುಧವಾರದ ಒಂದು ಆಟವನ್ನು ವಾರದ ಕೊನೆಗೆ ಮತ್ತೆ ಆಡಿಸಿ. ಎರಡರ ನಡುವಿನ ವ್ಯತ್ಯಾಸವೇ ಕಲಿಕೆಯ ದಾಖಲೆ.
- ಮಕ್ಕಳ ಮಾತನ್ನು ಅವರಾಡಿದ ರೂಪದಲ್ಲೇ, ದಿನಾಂಕದೊಂದಿಗೆ ಬರೆದಿಡಿ. ಪೋಷಕರಿಗೆ ಓದಿ ಹೇಳಲು ಅದಕ್ಕಿಂತ ಒಳ್ಳೆಯ ಪ್ರಗತಿಪತ್ರವಿಲ್ಲ.

ಉಪಸಂಹಾರ

ಎಂಟನೇ ತರಗತಿಯ ಮಕ್ಕಳಿಗೆ ‘ಊಹೆ ಬರೆಯಿರಿ’ ಎಂದರೆ ಅನೇಕರು ಪುಸ್ತಕದ ಸರಿಯುತ್ತರಕ್ಕಾಗಿ ಪುಟ ತಿರುವುತ್ತಾರೆ. ಅಂಗನವಾಡಿಯ ಮಕ್ಕಳು ತಪ್ಪಾದೀತೆಂಬ ಅಂಜಿಕೆಯಿಲ್ಲದೆ ಹುರಿಗಡಲೆಯ ಮುಂದೆ ಬೀಜ ಇಟ್ಟರು, ಮೂರು ದಿನ ಕಾದರು, ಕಂಡದ್ದನ್ನು ಒಪ್ಪಿಕೊಂಡರು. ವಿಜ್ಞಾನ ಶಿಕ್ಷಕರಾಗಲಿರುವ ನಾವು ಪ್ರೌಢಶಾಲೆಯಲ್ಲಿ ಹೊಸದಾಗಿ ಕಲಿಸಬೇಕೆಂದುಕೊಂಡ ಈ ಗುಣ ಮಕ್ಕಳಲ್ಲಿ ಮೊದಲೇ ಇದೆ. ನಡುವಿನ ವರ್ಷಗಳಲ್ಲಿ ಅದು ಬಾಡದಂತೆ ನೋಡಿಕೊಳ್ಳುವ ಹೊಣೆ ಅಂಗನವಾಡಿ, ಪ್ರಾಥಮಿಕ ಮತ್ತು ಪ್ರೌಢಶಾಲೆ ಮೂರು ಹಂತದ ಶಿಕ್ಷಕರದ್ದೂ ಹೌದು.