ನಾಯಿಯ ಗುಣವರಿತು ಪಾಠ ಕಲಿಸಿ

ಕಟಕೋಳ, ರಾಮದುರ್ಗ, ಸವದತ್ತಿ ಭಾಗದ ಹೊಲದ ಮನೆಗಳಲ್ಲಿಯೂ ಕುರಿದಡ್ಡಿಗಳಲ್ಲಿಯೂ ಕಾವಲಿಗೆ ನಾಯಿ ಸಾಕುವುದು ರೂಢಿ. ಆದರೆ ಕರೆದಾಗ ಬಾರದ, ಕುರಿಮರಿಯನ್ನು ಬೆನ್ನಟ್ಟುವ, ದಾರಿಹೋಕರನ್ನು ಕಚ್ಚುವ ನಾಯಿಯಿಂದ ಮಾಲೀಕನಿಗೆ ನಷ್ಟವೇ ಹೆಚ್ಚು. ಒಂದು ನಾಯಿಗೆ ಒಗ್ಗಿದ ರೀತಿ ಇನ್ನೊಂದಕ್ಕೆ ಒಗ್ಗದು. ಆದ್ದರಿಂದ ಕಲಿಸುವ ಮೊದಲು ನಾಲ್ಕಾರು ದಿನ ಅದರ ಗುಣವನ್ನು ಗಮನಿಸಬೇಕು. ಅದಕ್ಕೆ ರೊಟ್ಟಿ ಚೂರಿನ ಆಸೆಯೋ, ಆಟದ ಆಸೆಯೋ? ಯಾವುದಕ್ಕೆ ಅಂಜುತ್ತದೆ? ಏನನ್ನು ಕಂಡರೆ ಓಡುತ್ತದೆ?

ಎಲ್ಲ ನಾಯಿಗಳಿಗೂ ಬೇಕಾದ ಪಾಠ

'ಬಾ', 'ಕೂಡು', 'ನಿಲ್ಲು', 'ಬಿಡು' ಈ ನಾಲ್ಕು ಮಾತು ಸಾಕು. ಮರಿಗೆ ಎರಡು ತಿಂಗಳಾದಾಗಲೇ ಪ್ರಾರಂಭಿಸಬಹುದು. ಊಟಕ್ಕೆ ಮೊದಲು, ಸಲಕ್ಕೆ 5 ನಿಮಿಷದಂತೆ, ದಿನಕ್ಕೆ 2-3 ಸಲ ಕಲಿಸಿರಿ. ಮನೆಮಂದಿಯೆಲ್ಲ ಅದೇ ಶಬ್ದವನ್ನು ಬಳಸಬೇಕು. ಹೇಳಿದಂತೆ ಮಾಡಿದ ಕೂಡಲೇ ತಿನಿಸು ಕೊಡಬೇಕು. ತಡವಾದರೆ ಯಾವುದಕ್ಕೆ ಕೊಟ್ಟರೆಂದು ನಾಯಿಗೆ ತಿಳಿಯದು.

ಗುಣಕ್ಕೆ ತಕ್ಕಂತೆ ಬದಲಾವಣೆ

1. ಮುಧೋಳ ನಾಯಿ: ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ ಈ ತಳಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು. 2016ರಲ್ಲಿ ಸೇನೆಯ ಮೀರತ್ ಕೇಂದ್ರವೂ ಇದರ ಮರಿಗಳನ್ನು ತರಬೇತಿಗೆ ಒಯ್ದಿತು. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ಓಡುವ ಪ್ರಾಣಿ ಕಣ್ಣಿಗೆ ಬಿದ್ದರೆ ಕರೆ ಕಿವಿಗೆ ಬೀಳದು. ಆದ್ದರಿಂದ 20-30 ಅಡಿ ಹಗ್ಗ ಕಟ್ಟಿ, ಮೊದಲು ಬೇಲಿಯೊಳಗೆ, ಆಮೇಲೆ ಬಯಲಿನಲ್ಲಿ 'ಬಾ' ಕಲಿಸಿರಿ. ಓಟ ಕೀಳುವ ಮೊದಲೇ ಕರೆಯಬೇಕು. ತಲೆ ಕಿರಿದಾದ್ದರಿಂದ ಸಾದಾ ಕೊರಳಪಟ್ಟಿ ಜಾರುತ್ತದೆ. ಅಗಲ ಪಟ್ಟಿ ಹಾಕಿರಿ. ಮೊಲ ಮುಂತಾದ ಕಾಡುಪ್ರಾಣಿಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೆಂಬುದನ್ನು ಮರೆಯಬಾರದು.

2. ಕುರಿ ಕಾಯುವ ನಾಯಿ: ಮರಿಯಿದ್ದಾಗಲೇ ದಡ್ಡಿಯ ಬಳಿ ಬೆಳೆಸಿರಿ. ಕುರಿಗಳ ನಡುವೆ ಹಗ್ಗ ಹಿಡಿದು ನಡೆಸಿ, ಸುಮ್ಮನಿದ್ದಾಗ ತಿನಿಸು ಕೊಡಿರಿ. ಆಟಕ್ಕೆಂದು ಕುರಿಮರಿಯನ್ನು ಬೆನ್ನಟ್ಟಿದರೂ ತಕ್ಷಣ ತಡೆಯಬೇಕು.

3. ಅಂಜುವ ನಾಯಿ: ಎದುರು ನಿಂತು ದಿಟ್ಟಿಸಬೇಡಿರಿ. ಓರೆಯಾಗಿ ಕುಳಿತು ರೊಟ್ಟಿ ಚೂರು ಎಸೆಯಿರಿ; ತಾನಾಗಿ ಹತ್ತಿರ ಬಂದ ಮೇಲೆ ಪಾಠ ಹೇಳಿರಿ.

4. ಮೈಮೇಲೆ ಹಾರುವ ನಾಯಿ: ಬೈದರೂ ಅದಕ್ಕೆ ಆಟವೇ. ಬೆನ್ನು ತಿರುಗಿಸಿ ನಿಲ್ಲಿರಿ. ನಾಲ್ಕೂ ಕಾಲು ನೆಲಕ್ಕೆ ಊರಿದಾಗ ಮೈದಡವಿರಿ. ಪಾಠಕ್ಕೆ ಮೊದಲು ಸ್ವಲ್ಪ ಓಡಾಡಿಸಿದರೆ ಒಳ್ಳೆಯದು.

5. ಕಿವಿ ಮಂದವಾದ ಮುದಿ ನಾಯಿ: ಮಾತಿಗೆ ಬದಲು ಕೈಸನ್ನೆ ಬಳಸಿರಿ.

ಹೊಡೆಯಬಾರದೇಕೆ?

ತಡವಾಗಿ ಮರಳಿದ ನಾಯಿಗೆ ಹೊಡೆದರೆ, ಬಂದುದಕ್ಕೇ ಪೆಟ್ಟು ಬಿತ್ತೆಂದು ಅದು ತಿಳಿಯುತ್ತದೆ, ಮರುದಿನ ಬರುವುದಿಲ್ಲ. ಹೆದರಿದ ನಾಯಿ ಕಚ್ಚುವ ಸಂಭವವೂ ಹೆಚ್ಚು.

ಆರೋಗ್ಯದ ಕಡೆ ಗಮನ

ಸಾಧುವಾಗಿದ್ದ ನಾಯಿ ಏಕಾಏಕಿ ಸಿಡುಕಿದರೆ ನೋವು ಅಥವಾ ರೋಗವಿರಬಹುದು, ಪಶುವೈದ್ಯರಿಗೆ ತೋರಿಸಿರಿ. ಮೂರು ತಿಂಗಳ ವಯಸ್ಸಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ತಪ್ಪದೆ ಹಾಕಿಸುತ್ತಿರಬೇಕು. ಯಾರಿಗಾದರೂ ನಾಯಿ ಕಚ್ಚಿದರೆ ಗಾಯವನ್ನು ಸಾಬೂನು, ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹದಿನೈದು ದಿನ ಕಲಿಸಿದರೂ ಪಾಠ ಹತ್ತದಿದ್ದರೆ ನಾಯಿ ದಡ್ಡೆಂದು ಕೈಬಿಡಬೇಡಿರಿ. ತಿನಿಸು, ಜಾಗ, ಹೊತ್ತು ಇವುಗಳಲ್ಲಿ ಒಂದನ್ನು ಬದಲಿಸಿ ನೋಡಿರಿ.