ವ್ಯಾಕರಣದ ಲಿಂಗವೂ ಸಮಾಜದ ಪಕ್ಷಪಾತವೂ

ಬೀದರ ನಗರದ ಪೇಟೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಈ ನಾಲ್ಕು ಭಾಷೆಗಳೂ ಕಿವಿಗೆ ಬೀಳುವುವು. ಭಾಲ್ಕಿ, ಔರಾದಗಳ ಊರುಗಳಲ್ಲಿ ಕನ್ನಡದೊಡನೆ ಮರಾಠಿಯ ಬಳಕೆಯೂ ಬಹಳ. ಭಾಷೆಯು ಹೆಣ್ಣುಗಂಡುಗಳನ್ನು ಹೇಗೆ ಗುರುತಿಸುವುದು, ಆ ಗುರುತು ಯಾವಾಗ ಅನ್ಯಾಯವಾಗುವುದು ಎಂಬುದನ್ನು ಪರೀಕ್ಷಿಸಲು ನಮಗೆ ಬೇರೆ ಪ್ರಯೋಗಶಾಲೆ ಬೇಕಿಲ್ಲ.

'ನಾನು ಬಂದೆನು' ಎಂಬ ಕನ್ನಡ ವಾಕ್ಯದಿಂದ, ಆಡಿದವರು ಹೆಣ್ಣೋ ಗಂಡೋ ತಿಳಿಯದು. ಮರಾಠಿಯಲ್ಲಿ ಗಂಡಸು 'ಮೀ ಆಲೋ' ಎಂದರೆ ಹೆಂಗಸು 'ಮೀ ಆಲೇ' ಎನ್ನುವಳು; ಉರ್ದುವಿನಲ್ಲಿ 'ಆಯಾ', 'ಆಯೀ' ಎಂಬ ಭೇದವುಂಟು. ತೆಲುಗಿನಲ್ಲಿ 'ವಚ್ಚಾಡು' ಎಂದರೆ ಗಂಡಸು ಬಂದನು. 'ವಚ್ಚಿಂದಿ' ಎಂಬ ರೂಪವು ಹೆಂಗಸಿಗೂ ಎಮ್ಮೆಗೂ ಸಮಾನ. ಇದರಿಂದ ತೆಲುಗರು ಹೆಂಗಸರನ್ನು ಕೀಳಾಗಿ ಕಾಣುವರೆಂದು ಹೇಳಬಹುದೆ? ಹೇಳಲಾಗದು. ಉರ್ದುವಿನ 'ಕಿತಾಬ್' ಸ್ತ್ರೀಲಿಂಗವಾದ ಮಾತ್ರಕ್ಕೆ ಪುಸ್ತಕಕ್ಕೆ ಹೆಣ್ತನ ಬರುವುದಿಲ್ಲ. ವ್ಯಾಕರಣದ ಲಿಂಗ ಬೇರೆ, ಸಮಾಜದ ಪಕ್ಷಪಾತ ಬೇರೆ.

ಹಾಗಾದರೆ ಪಕ್ಷಪಾತವಿರುವುದೆಲ್ಲಿ? ನಾವು ಆರಿಸುವ ಶಬ್ದಗಳಲ್ಲಿ. ಗಂಡ ಬದುಕಿರುವ ಹೆಂಗಸಿಗೆ 'ಮುತ್ತೈದೆ' ಎಂಬ ಹೆಸರುಂಟು. ಹೆಂಡತಿ ಬದುಕಿರುವ ಗಂಡಸಿಗೆ ಅಂತಹ ಹೆಸರಿಲ್ಲ. 'ರೈತನು ತೊಗರಿ ಬೆಳೆದನು' ಎಂದು ಬರೆಯುತ್ತೇವೆ. ಆ ಹೊಲದಲ್ಲಿ ಕಳೆ ಕಿತ್ತ, ರಾಶಿ ಮಾಡಿದ ಹೆಂಗಸರು ಆ ವಾಕ್ಯದಲ್ಲಿ ಕಾಣಿಸರು. ಮಾತಿನಲ್ಲಿ ಮರೆಯಾದವರು ಸಾಲದ, ತರಬೇತಿಯ ಪಟ್ಟಿಗಳಲ್ಲಿಯೂ ಮರೆಯಾಗುವ ಅಪಾಯವುಂಟು.

ಸಂದರ್ಭವು ವಿರುದ್ಧವಾಗಿಲ್ಲದಿದ್ದರೆ ಪುಲ್ಲಿಂಗ ಶಬ್ದದಲ್ಲಿ ಸ್ತ್ರೀಯರೂ ಸೇರುವರೆಂದು 1897ರ ಕೇಂದ್ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಪ್ರಕರಣವು ವಿಧಿಸಿದೆ. ಕಾನೂನಿನ ಅರ್ಥಕ್ಕೆ ಇದು ಸಾಕು. ಪಾಠವನ್ನೋದುವ ಬಾಲಿಕೆಗೆ ಸಾಲದು. ನ್ಯಾಯಾಲಯವೂ ಇದನ್ನು ಮನಗಂಡಿದೆ: 2023ರ ಆಗಸ್ಟಿನಲ್ಲಿ ಭಾರತದ ಸುಪ್ರೀಂ ಕೋರ್ಟು ಒಂದು ಕೈಪಿಡಿಯನ್ನು ಹೊರತಂದು, ಸ್ತ್ರೀಯರ ವಿಷಯದಲ್ಲಿ ಬಿಡತಕ್ಕ ಶಬ್ದಗಳನ್ನೂ ಅವುಗಳ ಬದಲಿಗೆ ಬಳಸತಕ್ಕವುಗಳನ್ನೂ ಪಟ್ಟಿಮಾಡಿತು.

ಕನ್ನಡದಲ್ಲಿ ಈ ತಿದ್ದುಪಾಟಿಗೆ ಹೊಸ ಪ್ರತ್ಯಯವನ್ನು ಸೃಷ್ಟಿಸಬೇಕಿಲ್ಲ. 'ಬಂದನು', 'ಬಂದಳು' ಎಂಬ ಭೇದವು 'ಬಂದರು' ಎಂಬಲ್ಲಿ ಅಳಿಯುವುದು. ಗೌರವಾರ್ಥದಲ್ಲಿ ಇದೇ ರೂಪವು ಒಬ್ಬರಿಗೂ ಸಲ್ಲುವುದು. 2010ರ ತಿದ್ದುಪಡಿಯಿಂದ ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಅಲ್ಲಿ 'ಅಧ್ಯಕ್ಷನು' ಎಂದು ಬರೆಯುವುದು ವಸ್ತುಸ್ಥಿತಿಗೆ ದೂರ. 'ಅಧ್ಯಕ್ಷರು' ಎಂಬುದು ಎಲ್ಲರಿಗೂ ಒಪ್ಪುವುದು.

ವಿದ್ಯಾರ್ಥಿಗಳು ತಮ್ಮ ಪಠ್ಯಪುಸ್ತಕದ ಹತ್ತು ಪುಟಗಳನ್ನು ತೆಗೆದುಕೊಂಡು, '-ಅನು' ಎಂದು ಮುಗಿಯುವ ಕ್ರಿಯಾಪದಗಳೆಷ್ಟು, '-ಅಳು' ಎಂದು ಮುಗಿಯುವುವೆಷ್ಟು, ಯಾರಿಗೆ ಯಾವ ಕೆಲಸವನ್ನು ಹೇಳಿದೆ ಎಂದು ಎಣಿಸಿ ನೋಡಲಿ. ಆ ಎಣಿಕೆಯನ್ನು ತಮ್ಮ ಊರಿನ ಹೊಲ, ಶಾಲೆ, ಆಸ್ಪತ್ರೆಗಳಲ್ಲಿ ಕಾಣುವುದರೊಡನೆ ಹೋಲಿಸಲಿ. ಎರಡಕ್ಕೂ ಅಂತರ ಕಂಡುಬಂದಲ್ಲಿ ತಿದ್ದಬೇಕಾದುದು ವಾಕ್ಯವನ್ನೇ.