ಮುಪ್ಪಿನ ಮಿದುಳೂ ರಕ್ತನಾಳಗಳೂ

ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮುಪ್ಪಡರಿದಾಗ ಬುದ್ಧಿ ಮಂಕಾಗುವುದು ಸಹಜವೆಂದೇ ಜನರ ಭಾವನೆ. ಆದರೆ ಈ ಮಂಕಿಗೆ ವಯಸ್ಸೊಂದೇ ಕಾರಣವಲ್ಲ; ಮಿದುಳಿಗೆ ರಕ್ತವನ್ನೊದಗಿಸುವ ನಾಳಗಳ ಸ್ಥಿತಿಯೂ ಅನೇಕ ವೇಳೆ ಕಾರಣವಾಗಿರುತ್ತದೆ.

ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ. ಆದರೂ ನಾವು ಸುಮ್ಮನೆ ಕುಳಿತಿರುವಾಗ ದೇಹವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ 20 ಪಾಲಿನಷ್ಟು ಅದೊಂದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ಅನುಕೂಲವೂ ಅದಕ್ಕಿಲ್ಲ. ರಕ್ತಪ್ರವಾಹವು ಹತ್ತು ಸೆಕೆಂಡುಗಳಷ್ಟು ಕಾಲ ನಿಂತರೆ ಪ್ರಜ್ಞೆ ತಪ್ಪುತ್ತದೆ. ಕೆಲವು ನಿಮಿಷ ನಿಂತಿತೆಂದರೆ ನರಕೋಶಗಳು ಸಾಯತೊಡಗುತ್ತವೆ.

ಹೃದಯವು ರಕ್ತವನ್ನು ಒಂದೇ ಸಮನೆ ಹರಿಸುವುದಿಲ್ಲ, ಮಿಡಿಮಿಡಿದು ನೂಕುತ್ತದೆ. ಅದರಿಂದ ಹೊರಡುವ ಮಹಾಪಧಮನಿಯನ್ನು ಬರಿಯ ಕೊಳವೆಯೆಂದು ವರ್ಣಿಸಿದರೆ ಸಾಲದು. ಎಳೆಯ ವಯಸ್ಸಿನಲ್ಲಿ ಅದರ ಗೋಡೆ ರಬ್ಬರಿನಂತೆ ಹಿಗ್ಗಿ ಕುಗ್ಗಿ, ಮಿಡಿತದ ಹೊಡೆತವನ್ನು ಬಹುಮಟ್ಟಿಗೆ ತಾನೇ ಹೀರಿಕೊಳ್ಳುತ್ತದೆ. ವಯಸ್ಸಾದಂತೆ, ಅದರಲ್ಲೂ ರಕ್ತದ ಒತ್ತಡ, ಸಿಹಿಮೂತ್ರರೋಗ, ಧೂಮಪಾನಗಳ ದೆಸೆಯಿಂದ, ಆ ಗೋಡೆ ಬಿರುಸಾಗುತ್ತದೆ. ಆಗ ಹೊಡೆತವು ಮಿದುಳಿನ ಆಳಕ್ಕಿಳಿದಿರುವ, ದಾರದ ಎಳೆಯಂಥ ಸಣ್ಣ ನಾಳಗಳಿಗೇ ತಟ್ಟುತ್ತದೆ. ಅವುಗಳ ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ. ನರತಂತುಗಳು ಕಂತೆಕಂತೆಯಾಗಿರುವ ಮಿದುಳಿನ ಬಿಳಿಯ ಭಾಗವು ಈ ನಾಳಗಳನ್ನೇ ನಂಬಿದೆ. ಅಲ್ಲಿ ಅಕ್ಕಿಕಾಳಿನಷ್ಟು ಅಂಗಾಂಶವು ಸದ್ದಿಲ್ಲದೆ ಸಾಯುವುದುಂಟು. ಪಾರ್ಶ್ವವಾಯು ಬಡಿದರೆ ಮನೆಮಂದಿಗೆಲ್ಲ ತಿಳಿಯುತ್ತದೆ. ಇದು ರೋಗಿಗೇ ತಿಳಿಯದು. ಕ್ರಮೇಣ ಯೋಚನೆ ನಿಧಾನವಾಗುತ್ತದೆ, ಕೆಲಸಗಳನ್ನು ಮುಂದಾಗಿ ಹೊಂದಿಸಿಕೊಳ್ಳುವುದು ಕಷ್ಟವಾಗುತ್ತದೆ. ಮರೆವು ಅನೇಕರಲ್ಲಿ ಆಮೇಲೆ ಬರುತ್ತದೆ.

ಹೆಚ್ಚಿನ ರಕ್ತದ ಒತ್ತಡವನ್ನು ಒಂದು ಕಾಲಕ್ಕೆ ವೈದ್ಯರಲ್ಲೂ ಅನೇಕರು ವಯೋಧರ್ಮವೆಂದೇ ಎಣಿಸುತ್ತಿದ್ದರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಒತ್ತಡವು 1944ರ ಮಾರ್ಚ್ ತಿಂಗಳಲ್ಲಿ 186/108 ಎಂದು ದಾಖಲಾಯಿತು. ಅದನ್ನು ಇಳಿಸಬಲ್ಲ ತಕ್ಕ ಔಷಧ ಆಗ ಇರಲಿಲ್ಲ. 1945ರ ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ ಅವರು ತೀರಿಕೊಂಡರು.

ಇಂದು ಔಷಧಗಳಿವೆ. ಅವುಗಳಿಂದ ಬುದ್ಧಿಗೂ ರಕ್ಷಣೆಯುಂಟೆ? 50 ವರ್ಷ ದಾಟಿದ 9,000ಕ್ಕೂ ಹೆಚ್ಚು ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಮೇಲಿನ ಒತ್ತಡವನ್ನು 120ಕ್ಕಿಂತ ಕೆಳಗಿಳಿಸಲು ಯತ್ನಿಸಿದ ಗುಂಪಿನಲ್ಲಿ, 140ನ್ನು ಗುರಿಯಾಗಿಟ್ಟುಕೊಂಡ ಗುಂಪಿಗಿಂತ, ಗ್ರಹಣಶಕ್ತಿಯ ಮೊದಲ ಹಂತದ ಕುಂದು ನೂರಕ್ಕೆ ಸುಮಾರು 19ರಷ್ಟು ಕಡಮೆಯಾಗಿತ್ತು. ಬಲಿತ ಬುದ್ಧಿಭ್ರಂಶದ ವಿಷಯದಲ್ಲಿ ಮಾತ್ರ ಖಚಿತವೆನ್ನಬಹುದಾದ ಅಂತರ ಕಾಣಲಿಲ್ಲ. ಹೃದಯಕ್ಕಾದ ಲಾಭವು ಬಹು ಬೇಗ ಸ್ಪಷ್ಟವಾದ್ದರಿಂದ ಚಿಕಿತ್ಸೆಯ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದ್ದರು. ಬುದ್ಧಿಭ್ರಂಶವಾದರೋ ಬಲಿಯಲು ಅನೇಕ ವರ್ಷಗಳನ್ನು ತೆಗೆದುಕೊಳ್ಳುತ್ತದೆ.